ಹಳೆ ಪರ್ಫಾರ್ಮೆನ್ಸ್ ಕಾರು, ನಮ್ಮದೇ ಕೈಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಸ್ಪೋರ್ಟ್ಸ್ ಕಾರನ್ನು ನಾನೇ ಬಿಚ್ಚಿ ಕಟ್ಟುತ್ತೇನೆ ಅಂತ ಗೊತ್ತಾದ ಮೇಲೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಮಾತಿನ ಮಧ್ಯೆ ಬಂದವು, ಕೆಲವು ಪತ್ರದಲ್ಲಿ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿ ಹಳೆಯದು ಅಂದರೆ 1970ರಿಂದ 2000ದ ಆಸುಪಾಸಿನ ಕಾರುಗಳು. ಉತ್ತರಗಳಲ್ಲಿ ನನ್ನದೊಂದು ಹಟ ಕಾಣುತ್ತದೆ: ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಕಾರು ಮೊದಲು ಹಾಗೆ ಓಡಬೇಕು. ಮಾಡಿಫೈ ಮಾತು ಆಮೇಲೆ.

## ಶುರು ಮಾಡುವವರಿಗೆ

ಮೊದಲನೇ ಪ್ರಾಜೆಕ್ಟ್ ಕಾರು ಅಂತ ಯಾವುದನ್ನು ತಗೊಳ್ಳಲಿ?

ಬಾನೆಟ್ ಎತ್ತಿದರೆ ಕೈ ಹೋಗುವಷ್ಟು ಜಾಗ ಇರಬೇಕು. ಪಾರ್ಟ್ಸ್ ಇನ್ನೂ ತಯಾರಾಗುತ್ತಿರಬೇಕು. ಕಾಯಿಲೆಗಳು ಎಲ್ಲರಿಗೂ ಗೊತ್ತಿರಬೇಕು. ಈ ಮೂರೂ ಒಟ್ಟಿಗೆ ಸಿಗುವ ಕಾರು ಅಂದರೆ 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5. ಹಗುರ, ಹಿಂಚಕ್ರಕ್ಕೆ ಶಕ್ತಿ, ಸರಳ ವೈರಿಂಗ್. ಅದಕ್ಕೂ ಕಾಯಿಲೆ ಇಲ್ಲ ಅಂತಲ್ಲ. ತೀರಾ ಮೊದಲ ಕಾರುಗಳ 1.6 ಇಂಜಿನ್ನಿನಲ್ಲಿ ಕ್ರ್ಯಾಂಕ್‌ನ ಮೂತಿ ಗಿಡ್ಡ. ಪುಲ್ಲಿಯ ಬೋಲ್ಟು ಸಡಿಲವಾದರೆ ಕೀ ಕೂರುವ ತೋಡು ಸವೆದು ಟೈಮಿಂಗೇ ಹಾಳಾಗುತ್ತದೆ. ಆದರೆ ಅದು ಎಲ್ಲರಿಗೂ ಗೊತ್ತಿರುವ ಕಾಯಿಲೆ, ನೋಡಿ ತಗೊಳ್ಳಬಹುದು.

ಕಡಿಮೆಗೆ ಸಿಗುತ್ತದೆ ಅಂತ ದೊಡ್ಡ ಹೆಸರಿನ ಜರ್ಮನ್ ಕಾರಿನ ಹಿಂದೆ ಹೋಗುವವರು ಜಾಸ್ತಿ. ಕಾರಿನ ಬೆಲೆ ಇಳಿದರೂ ಅದರ ಪಾರ್ಟ್ಸ್ ಬೆಲೆ ಇಳಿಯುವುದಿಲ್ಲ. ಇದನ್ನು ಮರೆಯಬೇಡಿ.

ಕಾರು ನೋಡೋಕೆ ಹೋದಾಗ ಮೊದಲು ಎಲ್ಲಿ ನೋಡಬೇಕು?

ಕೆಳಗೆ. ಇಂಜಿನ್ ಕೆಟ್ಟರೆ ಬೇರೆ ಇಂಜಿನ್ ಸಿಗುತ್ತದೆ, ಬಾಡಿಯೇ ತುಕ್ಕು ಹಿಡಿದು ಕರಗಿದ್ದರೆ ಉಳಿದದ್ದೆಲ್ಲ ಅದಕ್ಕೆ ಜೋತುಬಿದ್ದ ಸಾಮಾನು ಅಷ್ಟೇ. ಜ್ಯಾಕ್ ಕೊಡುವ ಜಾಗ, ಸಿಲ್‌ಗಳ (ಬಾಗಿಲ ಕೆಳಗಿನ ಉದ್ದ ಪಟ್ಟಿ) ಒಳಮೈ, ಶಾಕ್ ಅಬ್ಸಾರ್ಬರಿನ ಮೇಲ್ತುದಿ ಬಾಡಿಗೆ ಕೂರುವ ಜಾಗ, ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಚೌಕಟ್ಟು) ಸಿಕ್ಕಿಸಿರುವ ಜಾಗ, ಇವನ್ನು ಟಾರ್ಚ್ ಹಿಡಿದು ನೋಡಿ. ಬಿಎಂಡಬ್ಲ್ಯು ಇ46ನಲ್ಲಿ ಹಿಂದಿನ ಸಬ್‌ಫ್ರೇಮ್ ಕೂರುವ ತಗಡೇ ಸೀಳುತ್ತದೆ. ಪ್ಯೂಜೊ 205 ಜಿಟಿಐ ಆದರೆ ಹಿಂದೆ ನಿಂತು ಚಕ್ರ ನೋಡಿ. ಎರಡೂ ಮೇಲ್ಭಾಗದಲ್ಲಿ ಒಳಕ್ಕೆ ವಾಲಿದ್ದರೆ ಹಿಂದಿನ ಆಕ್ಸಲ್ ಬೀಮಿನ ಬೇರಿಂಗ್ ಹೋಗಿದೆ ಅಂತ ಲೆಕ್ಕ.

ಇನ್ನೊಂದು. ಇಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿ ಹೋಗಿ. ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ, ಯಾಕೆ ಅಂತ ಕೇಳಿ.

ಕಾರು ಮನೆಗೆ ಬಂತು. ಮೊದಲು ಏನು ಮಾಡಲಿ?

ಓಡಿಸುವ ಆಸೆ ಸ್ವಲ್ಪ ತಡೆಯಿರಿ. ಇಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬದಲಿಸಿ. ಸುರಿದ ಹಳೆ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಗೇರ್‌ಬಾಕ್ಸಿನ ಡ್ರೈನ್ ಪ್ಲಗ್ಗಿಗೆ ಅಂಟಿದ ನುಣುಪಾದ ಬೂದು ಪೇಸ್ಟ್ ಸಹಜ. ಬೆರಳಿಗೆ ಚುಚ್ಚುವ ಚೂರು ಇದ್ದರೆ ಸಹಜ ಅಲ್ಲ.

ಆಮೇಲೆ ಪೆಟ್ರೋಲ್ ಹೋಸ್. ಇದು ನನಗೆ ತೀರಾ ಮುಖ್ಯ. ಹಳೆ ಕಾಲದ ರಬ್ಬರಿಗೆ ಎಥನಾಲ್ ಬೆರೆತ ಪೆಟ್ರೋಲ್ ಆಗಿಬರುವುದಿಲ್ಲ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಹಳೆ ಕಾರಿಗೆ ಬೆಂಕಿ ಹತ್ತಿದ ಕಥೆಗಳಲ್ಲಿ ಎಷ್ಟೋ ಶುರುವಾಗುವುದು ಒಂದು ಸೋರುವ ಹೋಸ್‌ನಿಂದ. ಟ್ಯಾಂಕಿನ ಒಳಗೆ ಮುಳುಗಿರುವ ಹೋಸ್ ಬೇರೆಯೇ ತರಹದ್ದು, ಅದರ ಮೇಲೆ ಆರ್10 ಅಂತ ಇರಬೇಕು. ಮಾಮೂಲಿ ಹೋಸ್ ಹಾಕಿದರೆ ಅದರ ಹೊರಮೈ ಪೆಟ್ರೋಲಿನಲ್ಲಿ ಕೊಳೆಯುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ಗ್ರಿಪ್ ಎಷ್ಟೇ ಕಂಡರೂ ಅದರ ಮೇಲೆ ರಸ್ತೆಗೆ ಇಳಿಯಬೇಡಿ.

ಟೂಲ್ಸ್ ಎಲ್ಲ ಒಟ್ಟಿಗೆ ತಗೋಬೇಕಾ?

ಬೇಡ. ಆರು ಮೂಲೆಯ ಸಾಕೆಟ್ ಸೆಟ್, ಸ್ಪ್ಯಾನರ್, ಟಾರ್ಕ್ ರೆಂಚ್, ಮಲ್ಟಿಮೀಟರ್, ಗಟ್ಟಿ ಜ್ಯಾಕ್, ನಾಲ್ಕು ಸ್ಟ್ಯಾಂಡ್. ಇಷ್ಟರಲ್ಲಿ ವರ್ಷಗಟ್ಟಲೆ ಕೆಲಸ ನಡೆಯುತ್ತದೆ. ಹನ್ನೆರಡು ಮೂಲೆಯ ಸಾಕೆಟ್ ಹಳೆ ಬೋಲ್ಟಿನ ತಲೆಯನ್ನು ಬೇಗ ಗುಂಡಗೆ ಮಾಡುತ್ತದೆ, ಅದಕ್ಕೇ ಆರು ಮೂಲೆಯದು. ಉಳಿದ ಟೂಲು ಕೆಲಸ ಬಂದ ಹಾಗೆ ತಗೊಳ್ಳಿ.

ಒಬ್ಬನೇ ಕೆಲಸ ಮಾಡ್ತೀನಿ. ಏನಾದರೂ ಅಪಾಯ ಇದೆಯಾ?

ಇದೆ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಕೂಡ ಹಾಕಬೇಡಿ. ಜ್ಯಾಕ್ ಎತ್ತುವುದಕ್ಕೆ, ಹೊರುವುದಕ್ಕೆ ಸ್ಟ್ಯಾಂಡ್. ಸ್ಟ್ಯಾಂಡ್ ಕೊಟ್ಟ ಮೇಲೆ ಕೆಳಗೆ ಹೋಗುವ ಮೊದಲು ಕಾರನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಸಿಲ್‌ನ ಕೆಳಗೆ ಮಲಗಿಸಿಡುವುದು ನನ್ನ ಅಭ್ಯಾಸ.

ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಅಪಾಯ ಬ್ರೇಕ್ ಕ್ಲೀನರ್. ಅದರಲ್ಲಿ ಕ್ಲೋರಿನ್ ಸೇರಿದ ಬಗೆಯೂ ಇದೆ. ಅದರಿಂದ ತೊಳೆದ ತಗಡಿಗೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟಬಹುದು. ವೆಲ್ಡಿಂಗ್ ಇರುವ ದಿನ ಆ ಡಬ್ಬಿಯನ್ನು ಹೊರಗೇ ಇಡಿ. ಹಳೆ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಗಾಳಿ ಹೊಡೆದು ಊದಬೇಡಿ, ಒದ್ದೆ ಮಾಡಿ ಒರೆಸಿ. ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ತೆಗೆದು, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು ಆಮೇಲೆ ಮುಟ್ಟಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರ ಇರಲಿ. ಕಾರಿನ ಹಿಂದುಗಡೆ ಇಟ್ಟರೆ ಬೆಂಕಿ ದಾಟಿ ಹೋಗಿ ತರಬೇಕಾಗುತ್ತದೆ.

ವಿಡಿಯೊ ನೋಡಿ ಮಾಡಿದರೆ ಸಾಲಲ್ವಾ? ಮ್ಯಾನ್ಯುಯಲ್ ಬೇಕೇ ಬೇಕಾ?

ಬೇಕು. ವಿಡಿಯೊದಲ್ಲಿ ಕೈ ಹೇಗೆ ಆಡಬೇಕು ಅಂತ ಗೊತ್ತಾಗುತ್ತದೆ. ಎಷ್ಟು ಬಿಗಿಯಬೇಕು, ಯಾವ ಬೋಲ್ಟನ್ನು ಮತ್ತೆ ಬಳಸಬಾರದು, ಎಷ್ಟು ಸವೆತಕ್ಕೆ ಬದಲಿಸಬೇಕು, ಇವು ಫ್ಯಾಕ್ಟರಿ ಮ್ಯಾನ್ಯುಯಲ್‌ನಲ್ಲೇ ಸಿಗುವುದು. ಅದೇ ಮಾಡೆಲ್, ಅದೇ ವರ್ಷದ್ದು ನೋಡಿ ಇಟ್ಟುಕೊಳ್ಳಿ.

## ಬಿಚ್ಚುವುದು, ಹುಡುಕುವುದು, ಸರಿಮಾಡುವುದು

ಬೋಲ್ಟು ಅಲ್ಲಾಡ್ತಾನೇ ಇಲ್ಲ. ಪೈಪ್ ಹಾಕಿ ಜಗ್ಗಲಾ?

ಜಗ್ಗಿದರೆ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಿಂದಿನ ರಾತ್ರಿಯೇ ಹಾಕಿ, ಬೆಳಗ್ಗೆ ಇನ್ನೊಮ್ಮೆ ಹಾಕಿ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕೈದು ಏಟು ಕೊಡಿ, ಥ್ರೆಡ್ಡಿನಲ್ಲಿ ಕೂತ ತುಕ್ಕು ಬಿರುಕು ಬಿಡುತ್ತದೆ. ಮೊದಲು ಬಿಗಿಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕಿರ್ ಅಂತ ಸದ್ದು ಮಾಡಿ ಕಾಲು ಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಎಣ್ಣೆ ಹಾಕಿ, ವಾಪಸ್ ಒಳಗೆ ತಿರುಗಿಸಿ, ಮತ್ತೆ ಹೊರಗೆ.

ಅಷ್ಟಕ್ಕೂ ಬರದಿದ್ದರೆ ಬಿಸಿ. ಬೋಲ್ಟಿಗಲ್ಲ, ಅದರ ಸುತ್ತ ಇರುವ ಲೋಹಕ್ಕೆ. ಸುತ್ತಲಿನದು ಹಿಗ್ಗಿದರೆ ಬೋಲ್ಟಿಗೆ ಜಾಗ ಆಗುತ್ತದೆ. ಹತ್ತಿರ ಪೆಟ್ರೋಲ್ ಲೈನು, ರಬ್ಬರ್ ಬುಶ್ ಇಲ್ಲ ಅಂತ ನೋಡಿಕೊಂಡು ಮಾಡಿ. ತಲೆಯೇ ಮುರಿದುಹೋದರೆ ಉಳಿದ ತುಂಡಿನ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿ ತಿರುಗಿಸುವುದು ನಾನು ಕಂಡ ಒಳ್ಳೆಯ ದಾರಿ. ಆ ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡಿಬಿಡುತ್ತದೆ.

ಥ್ರೆಡ್ಡಿಗೆ ಎಣ್ಣೆ ಹಚ್ಚಿ ಟಾರ್ಕ್ ಮಾಡಿದರೆ ಒಳ್ಳೇದಲ್ವಾ?

ಮ್ಯಾನ್ಯುಯಲ್ ಹಚ್ಚು ಅಂದರೆ ಮಾತ್ರ. ನಾವು ಬಿಗಿಯುವ ಶಕ್ತಿಯಲ್ಲಿ ಬಹುಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಸ್ವಲ್ಪ ಮಾತ್ರ ಬೋಲ್ಟನ್ನು ಎಳೆಯುತ್ತದೆ. ಎಣ್ಣೆ ಹಚ್ಚಿದರೆ ತಿಕ್ಕಾಟ ಇಳಿದು, ಅದೇ ಅಂಕಿಗೆ ಬೋಲ್ಟು ಎಷ್ಟೋ ಜಾಸ್ತಿ ಎಳೆತಕ್ಕೆ ಸಿಗುತ್ತದೆ. ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ ಕಿತ್ತು ಬರುವುದು ಹೀಗೆ. ಇಂತಿಷ್ಟು ಬಿಗಿದು ಮೇಲೆ 90 ಡಿಗ್ರಿ ತಿರುಗಿಸಿ ಅಂತ ಬರೆದಿದ್ದರೆ ಆ ಬೋಲ್ಟು ಹಿಗ್ಗುವ ಜಾತಿಯದ್ದಿರಬಹುದು. ಮತ್ತೆ ಬಳಸಬಹುದು ಅಂತ ಮ್ಯಾನ್ಯುಯಲ್ ಹೇಳದಿದ್ದರೆ ಹೊಸದು ಹಾಕಿ.

ಕಂಪ್ರೆಷನ್ ಟೆಸ್ಟ್ ಮಾಡಿದೆ. ನಂಬರ್ ಬಂತು. ಇದರಿಂದ ಏನು ತಿಳ್ಕೋಬೇಕು?

ಒಂದೊಂದು ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವ ಟೆಸ್ಟ್ ಇದು. ಮಾಡಿದ ರೀತಿ ಸರಿ ಇತ್ತಾ ಅನ್ನುವುದು ಮೊದಲು. ಇಂಜಿನ್ ಬಿಸಿ ಇರಬೇಕು, ಎಲ್ಲ ಪ್ಲಗ್ ಹೊರಗೆ, ಪೆಟ್ರೋಲೂ ಇಗ್ನಿಷನ್ನೂ ಬಂದ್, ಬ್ಯಾಟರಿ ಫುಲ್, ಆಕ್ಸಿಲರೇಟರ್ ಪೂರ್ತಿ ತುಳಿದಿರಬೇಕು. ತುಳಿಯದೇ ಮಾಡಿದರೆ ಗಾಳಿಯೇ ಒಳಗೆ ಹೋಗಿರುವುದಿಲ್ಲ. ಒಳ್ಳೆ ಇಂಜಿನ್ನೂ ಸತ್ತ ಹಾಗೆ ಕಾಣುತ್ತದೆ.

ಒಂದೊಂದು ನಂಬರಿಗಿಂತ ನಾಲ್ಕರ ನಡುವಿನ ಅಂತರ ಮುಖ್ಯ. 178, 175, 120, 176 ಪಿಎಸ್‌ಐ ಬಂತು ಅಂತಿಟ್ಟುಕೊಳ್ಳಿ. ಮೂರನೆಯದರಲ್ಲಿ ತೊಂದರೆ. ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. 160ರ ಹತ್ತಿರ ಏರಿದರೆ ರಿಂಗ್ ಸವೆದಿದೆ, ಎಣ್ಣೆ ಆ ಸಂದಿಯನ್ನು ಮುಚ್ಚಿತು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ನಡುವಿನ ಗ್ಯಾಸ್ಕೆಟ್ ಹೋಗಿರುವುದೇ ಜಾಸ್ತಿ.

ಖಚಿತ ಬೇಕಾದರೆ ಲೀಕ್‌ಡೌನ್ ಟೆಸ್ಟ್. ಪಿಸ್ಟನ್ ಮೇಲೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ ಪ್ಲಗ್ ತೂತಿನಿಂದ ಗಾಳಿ ಕೊಟ್ಟು, ಸುಮ್ನೆ ಕಿವಿ ಕೊಡಿ. ಆಯಿಲ್ ಹಾಕುವ ಬಾಯಲ್ಲಿ ಬುಸ್ ಅಂದರೆ ರಿಂಗ್. ಸೈಲೆನ್ಸರ್ ತುದಿಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲ್ ಬಾಯಲ್ಲಿ ಕೇಳಿದರೆ ಇಂಟೇಕ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನಲ್ಲೇ ಬಿರುಕು. ಇಂಜಿನ್ ಬಿಚ್ಚದೆ ಇಷ್ಟು ತಿಳಿಯುತ್ತದೆ ಅನ್ನುವುದೇ ನನಗೆ ಇವತ್ತಿಗೂ ಖುಷಿ.

ಐಡಲ್ ಮೇಲೆ ಕೆಳಗೆ ಆಡುತ್ತೆ. ಯಾವ ಸೆನ್ಸರ್ ಬದಲಿಸಲಿ?

ಯಾವುದೂ ಬೇಡ, ಮೊದಲು ಗಾಳಿ ಎಲ್ಲಿ ನುಗ್ಗುತ್ತಿದೆ ನೋಡಿ. ಏರ್‌ಫ್ಲೋ ಮೀಟರ್ ಇರುವ ಇಂಜಿನ್ನಿನಲ್ಲಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಅಳೆದ ಗಾಳಿಗೆ ತಕ್ಕ ಪೆಟ್ರೋಲ್ ಕೊಡುತ್ತದೆ. ಮೀಟರ್ ದಾಟಿದ ಮೇಲೆ ಎಲ್ಲಾದರೂ ಸಂದಿ ಇದ್ದರೆ ಆ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ನನ್ನ ಕಾರಿನಲ್ಲಿ ಎರಡು ವಾರ ಇದೇ ಕಾಟ. ಕೊನೆಗೆ ಥ್ರಾಟಲ್ ಬಾಡಿಗೆ ಹೋಗುವ ರಬ್ಬರ್ ಬೂಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿದೆ. ಮಡಿಕೆಯ ಒಳಗೆ ಬೆರಳುದ್ದದ ಸೀಳು ಬಾಯಿ ತೆರೆಯಿತು. ಬಗ್ಗಿಸದಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಇಂಟೇಕ್‌ಗೆ ಹೊಗೆ ಬಿಟ್ಟು ಎಲ್ಲಿಂದ ಬರುತ್ತದೆ ಅಂತ ನೋಡುವ ಸ್ಮೋಕ್ ಟೆಸ್ಟ್ ಇದಕ್ಕೆ ಒಳ್ಳೆಯದು. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವುದು ಬೇಡ.

ಟೈಮಿಂಗ್ ಬೆಲ್ಟ್ ಕಿಲೋಮೀಟರ್ ಇನ್ನೂ ಆಗಿಲ್ಲ. ಬಿಡಬಹುದಾ?

ರಬ್ಬರಿಗೆ ಕಿಲೋಮೀಟರ್ ಅಷ್ಟೇ ಅಲ್ಲ, ವಯಸ್ಸೂ ಲೆಕ್ಕ. ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ದರೆ ಹಾಕಿಲ್ಲ ಅಂತಲೇ ತಿಳಿಯಿರಿ. ಪೋರ್ಷೆ 944, ಬಿಎಂಡಬ್ಲ್ಯು ಇ30 325ಐ ಇಂಜಿನ್ನುಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಹೆಡ್ ಬಿಚ್ಚಲೇಬೇಕು. 944ರಲ್ಲಿ ಬ್ಯಾಲೆನ್ಸ್ ಶಾಫ್ಟಿಗೂ ಒಂದು ಬೆಲ್ಟ್ ಇದೆ, ಅದನ್ನೂ ಬದಲಿಸಿ. ಬೆಲ್ಟಿನ ಜೊತೆ ಟೆನ್ಷನರ್, ರೋಲರ್, ಆಯಿಲ್ ಸೀಲ್, ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಇದ್ದರೆ ಅದೂ.

ಹೊಸ ಬೆಲ್ಟ್ ಕೂರಿಸಿದ ಮೇಲೆ ಸೆಲ್ಫ್ ಹೊಡೆಯಬೇಡಿ. ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಿ. ಗುರುತುಗಳು ಮತ್ತೆ ಕೂಡಿಬಂದರೆ ಸರಿ.

ಟ್ರಾಫಿಕ್‌ನಲ್ಲಿ ಹೀಟ್ ಆಗುತ್ತೆ, ಹೈವೇನಲ್ಲಿ ಸರಿ ಇರುತ್ತೆ. ಯಾಕೆ?

ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನ್ ತರಬೇಕು. ಹಾಗಾಗಿ ಫ್ಯಾನ್, ಅದರ ರಿಲೇ, ಸ್ವಿಚ್, ಫ್ಯಾನ್ ಸುತ್ತಲಿನ ಕವರ್ ನೋಡಿ. ಇದಕ್ಕೆ ಉಲ್ಟಾ, ಅಂದರೆ ವೇಗದಲ್ಲೇ ಬಿಸಿ ಏರುತ್ತಿದ್ದರೆ ರೇಡಿಯೇಟರ್ ಕಟ್ಟಿಕೊಂಡಿದೆ ಅಥವಾ ನೀರು ಸರಿಯಾಗಿ ಸುತ್ತುತ್ತಿಲ್ಲ. 1990ರ ದಶಕದ ಕೆಲವು ಬಿಎಂಡಬ್ಲ್ಯುಗಳಲ್ಲಿ ವಾಟರ್ ಪಂಪಿನ ರೆಕ್ಕೆ ಪ್ಲಾಸ್ಟಿಕ್. ಅದು ಬಿರುಕು ಬಿಟ್ಟು ಶಾಫ್ಟಿನ ಮೇಲೆ ಸುಮ್ನೆ ಜಾರುತ್ತದೆ, ಹೊರಗಿನಿಂದ ಪಂಪ್ ತಿರುಗುತ್ತಿರುವ ಹಾಗೇ ಕಾಣುತ್ತದೆ. ಥರ್ಮೋಸ್ಟಾಟ್ ತೆಗೆದು ಓಡಿಸುವುದು ಪರಿಹಾರ ಅಲ್ಲ.

ಒಂದೊಂದು ದಿನ ಸ್ಟಾರ್ಟ್ ಆಗುತ್ತೆ, ಒಂದೊಂದು ದಿನ ಇಲ್ಲ. ವೈರಿಂಗ್ ಪೂರ್ತಿ ಬದಲಿಸಬೇಕಾ?

ಮೊದಲು ಅರ್ತ್ ನೋಡಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಯಾರಾದರೂ ಸೆಲ್ಫ್ ಹೊಡೆಯಲಿ. 0.2 ವೋಲ್ಟಿಗಿಂತ ಬಹಳ ಜಾಸ್ತಿ ತೋರಿಸಿದರೆ ಅರ್ತ್ ವೈರಿನಲ್ಲೋ ಅದರ ತುದಿಯಲ್ಲೋ ತುಕ್ಕು ಕೂತಿದೆ. ಬಿಚ್ಚಿ, ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಿರಿ. ಬ್ಯಾಟರಿ ಸುಮ್ಮನೆ ಇರುವಾಗ 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.4 ಇದ್ದರೆ ಚಾರ್ಜಿಂಗ್ ಸರಿ ಇದೆ.

1990ರ ಆಸುಪಾಸಿನ ಜಪಾನೀ ಕಾರಾಗಿದ್ದರೆ ಇಸಿಯು ಡಬ್ಬಿಯನ್ನೂ ತೆರೆದು ನೋಡಿ. ಮಿತ್ಸುಬಿಷಿ ಎಕ್ಲಿಪ್ಸ್‌ನಲ್ಲಿ ಇದು ಹೆಸರುವಾಸಿ ಕಾಯಿಲೆ: ಒಳಗಿನ ಕೆಪಾಸಿಟರ್ ಸೋರಿ ಬೋರ್ಡನ್ನೇ ತಿನ್ನುತ್ತದೆ. ಮುಚ್ಚಳ ತೆಗೆದ ಕೂಡಲೇ ಮೀನಿನ ಹಾಗೆ ವಾಸನೆ, ಕೆಪಾಸಿಟರ್ ಬುಡದಲ್ಲಿ ಕಂದು ಕಲೆ. ಬೇಗ ಕಂಡರೆ ಹೊಸ ಕೆಪಾಸಿಟರ್ ಬೆಸುಗೆ ಹಾಕಿ ಉಳಿಸಬಹುದು.

ಹಳೆ ಇಂಜಿನ್ನಿಗೆ ಹೊಸ ಕಾಲದ ಆಯಿಲ್ ಹಾಕಬಹುದಾ?

ಕ್ಯಾಮ್ ಮೇಲೆ ರೋಲರ್ ಇಲ್ಲದೆ ನೇರ ಉಜ್ಜುವ ಚಪ್ಪಟೆ ಟ್ಯಾಪೆಟ್ ಇದ್ದರೆ ನೋಡಿ ಹಾಕಿ. ಆ ಜಾಗವನ್ನು ಕಾಯುವುದು ಆಯಿಲಿನಲ್ಲಿರುವ ಝಡ್‌ಡಿಡಿಪಿ ಅನ್ನುವ ಸತು, ರಂಜಕದ ಸಂಯುಕ್ತ. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಹೊಸ ಕಾಲದ ಎಷ್ಟೋ ಆಯಿಲಿನಲ್ಲಿ ಇದನ್ನು ಕಡಿಮೆ ಮಾಡಿದ್ದಾರೆ. ಹಳೆ ಕಾರಿಗೆಂದೇ ತಯಾರಾಗುವ ಆಯಿಲ್ ಸಿಗುತ್ತದೆ, ಅದು ಹಾಕಿ.

## ಬ್ರೇಕ್ ಮತ್ತು ಸಸ್ಪೆನ್ಷನ್

ದೊಡ್ಡ ಬ್ರೇಕ್ ಕಿಟ್ ಹಾಕಿಸಿದರೆ ಬೇಗ ನಿಲ್ಲುತ್ತಾ?

ಒಂದು ಸಲ ಜೋರಾಗಿ ತುಳಿದು ಚಕ್ರ ಲಾಕ್ ಆಗುವಷ್ಟು ಬ್ರೇಕ್ ಈಗಲೇ ಇದ್ದರೆ, ನಿಲ್ಲಿಸುವ ದೂರ ತೀರ್ಮಾನ ಮಾಡುವುದು ಟೈರು. ದೊಡ್ಡ ಡಿಸ್ಕ್ ಉಪಯೋಗಕ್ಕೆ ಬರುವುದು ಮತ್ತೆ ಮತ್ತೆ ತುಳಿದಾಗ ಹುಟ್ಟುವ ಶಾಖ ತಡೆಯುವುದಕ್ಕೆ. ಬರೀ ಮುಂದೆ ದೊಡ್ಡ ಕ್ಯಾಲಿಪರ್ ಹಾಕಿದರೆ ಪೆಡಲ್ ಉದ್ದ ಹೋಗುತ್ತದೆ, ಹಿಂಚಕ್ರ ತನ್ನ ಪಾಲಿನ ಕೆಲಸ ಮಾಡುವುದಿಲ್ಲ. ಹೊಸದಾಗಿ ಹಾಕಿಸಿ ಮೊದಲಿಗಿಂತ ಉದ್ದ ಜಾರಿದವರೂ ಇದ್ದಾರೆ.

ನನ್ನ ಸಲಹೆ: ಒಳ್ಳೆ ಟೈರು, ಒಳ್ಳೆ ಪ್ಯಾಡ್, ಹೊಸ ಆಯಿಲ್, ಹೊಸ ಹೋಸ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕುದಿಯಲು ಕಡಿಮೆ ಅಂದರೂ 230 ಡಿಗ್ರಿ ಬೇಕು. ತೇವ ಸೇರಿದ ಮೇಲೆ ಆ ಮಿತಿ 155. ಡಾಟ್ 5.1 ಇದರ ಜೊತೆ ಸೇರುತ್ತದೆ. ಡಾಟ್ 5 ಸಿಲಿಕೋನ್, ಹೆಸರು ಹತ್ತಿರ ಇದ್ದರೂ ಜಾತಿ ಬೇರೆ. ಎರಡನ್ನೂ ಬೆರೆಸಲೇಬಾರದು.

ಬ್ರೇಕ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದೇ ಇರುತ್ತೆ. ಕ್ಯಾಲಿಪರ್ ಹೊಸದೇ ಹಾಕಿದ್ದೀನಿ!

ರಬ್ಬರ್ ಹೋಸ್ ಒಳಗೆ ಊದಿ ಬಾಯಿ ಮುಚ್ಚಿಕೊಂಡಿರಬಹುದು. ತುಳಿದ ಒತ್ತಡ ಹೋಗುತ್ತದೆ, ವಾಪಸ್ ಬರುವುದಿಲ್ಲ. ಚಕ್ರ ಹಿಡಿದಿರುವಾಗ ಬ್ಲೀಡ್ ನಿಪ್ಪಲ್ ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಕ್ಯಾಲಿಪರ್ ಸರಿ ಇದೆ. ಆಮೇಲೆ ಚಕ್ರ ಮತ್ತೆ ಹಿಡಿದಾಗ, ಹೋಸ್‌ನ ಮಾಸ್ಟರ್ ಸಿಲಿಂಡರ್ ಕಡೆಯ ತುದಿಯನ್ನು ಸಡಿಲ ಮಾಡಿದಾಗಲೂ ಬಿಟ್ಟುಕೊಂಡರೆ ತೊಂದರೆ ಮೇಲೆ, ಇಲ್ಲದಿದ್ದರೆ ಹೋಸ್.

ಸ್ಪ್ರಿಂಗ್ ಕಟ್ ಮಾಡಿ ಕಾರು ಇಳಿಸಿದರೆ ಏನಾಗುತ್ತೆ?

ಸುರುಳಿ ಕಡಿಮೆ ಆದಷ್ಟೂ ಸ್ಪ್ರಿಂಗ್ ಗಟ್ಟಿ ಆಗುತ್ತದೆ, ಹಳೆ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿಯಲಾರದು. ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಸರಿಯಬಹುದು. ಇನ್ನು ಬಿಸಿ ಮಾಡಿ ಕುಗ್ಗಿಸುವುದಂತೂ ಬೇಡವೇ ಬೇಡ.

ಸರಿಯಾದ ಸ್ಪ್ರಿಂಗ್ ಹಾಕಿ ಇಳಿಸಿದರೂ ಮಿತಿ ಇದೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಇಳಿಸಿದಾಗ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ವಾಲುವ ಕೇಂದ್ರ) ಬಾಡಿಗಿಂತ ಜಾಸ್ತಿ ಇಳಿಯುತ್ತದೆ. ಅಂದರೆ ತಿರುವಿನಲ್ಲಿ ವಾಲಿಸುವ ಸನ್ನೆಕೋಲು ಉದ್ದ ಆಗುತ್ತದೆ. ಸ್ಟೀರಿಂಗ್ ರಾಡಿನ ಕೋನವೂ ಕೆಟ್ಟು, ಗುಂಡಿ ಬಂದಾಗ ಚಕ್ರ ತಾನೇ ತಿರುಗುತ್ತದೆ. ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ಆರ್ಮ್ (ತೋಳು) ನೆಲಕ್ಕೆ ಸಮ ಇರುವಷ್ಟಕ್ಕೆ ನಿಲ್ಲಿಸಿ.

ಹೊಸ ಬುಶ್ ಹಾಕಿದೆ. ಆರು ತಿಂಗಳಿಗೇ ಹರಿದುಹೋಯ್ತು. ಕಳಪೆ ಮಾಲಾ?

ಇರಲಿಕ್ಕಿಲ್ಲ. ಬಿಗಿದದ್ದು ಯಾವಾಗ? ಕಾರು ಸ್ಟ್ಯಾಂಡ್ ಮೇಲೆ, ಚಕ್ರ ಜೋತಾಡುತ್ತಿರುವಾಗ ಬಿಗಿದಿರುತ್ತೀರಿ. ನಾನೂ ಹಾಗೇ ಮಾಡಿ ಎರಡು ಬುಶ್ ಕಳೆದುಕೊಂಡಿದ್ದೇನೆ. ರಬ್ಬರ್ ಬುಶ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಒಳಗಿನ ಕೊಳವೆ ಬೋಲ್ಟಿಗೆ ಕಚ್ಚಿರುತ್ತದೆ, ಹೊರಗಿನದು ಸಸ್ಪೆನ್ಷನ್ ಆರ್ಮ್‌ಗೆ, ನಡುವೆ ರಬ್ಬರ್ ಎರಡಕ್ಕೂ ಅಂಟಿರುತ್ತದೆ. ಜೋತಾಡುವಾಗ ಬಿಗಿದರೆ ಕಾರು ಕೆಳಗಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ. ಹಳೆ ಬುಶ್ ತೆಗೆದಾಗ ರಬ್ಬರಿನ ಮೇಲೆ ಒಂದೇ ದಿಕ್ಕಿಗೆ ಓರೆಯಾದ ಬಿರುಕು ಕಂಡಿದ್ದರೆ ಕಾರಣ ಇದೇ.

ಬೋಲ್ಟನ್ನು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಿಟ್ಟು, ಒಂದೆರಡು ಸಲ ಒತ್ತಿ, ಆಮೇಲೆ ಟಾರ್ಕ್ ಮಾಡಿ. ಕೈ ಹೋಗದಿದ್ದರೆ ಆರ್ಮಿನ ಕೆಳಗೆ ಜ್ಯಾಕ್ ಕೊಟ್ಟು ಮಾಮೂಲಿ ಎತ್ತರಕ್ಕೆ ತನ್ನಿ. ಪಾಲಿಯುರೆಥೇನ್ ಬುಶ್‌ಗೆ ಈ ತೊಂದರೆ ಇಲ್ಲ, ಅದು ಕೊಳವೆಯ ಸುತ್ತ ತಿರುಗುತ್ತದೆ. ಆದರೆ ಗ್ರೀಸ್ ಬೇಕು. ಹಲವು ದಿಕ್ಕಿಗೆ ಆಡುವ ಟ್ರೇಲಿಂಗ್ ಆರ್ಮಿಗೆ ಅದನ್ನು ಹಾಕಿದರೆ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ. ರಸ್ತೆಯ ಕಾರಿಗೆ ನನ್ನ ಮತ ಹೊಸ ರಬ್ಬರಿಗೇ.

## ಪವರ್ ವಿಷಯ

ಇಂಟೇಕ್, ಎಕ್ಸಾಸ್ಟ್ ಹಾಕಿದರೆ ಎಷ್ಟು ಪವರ್ ಏರುತ್ತೆ?

ಟರ್ಬೊ ಇಲ್ಲದ ಒಳ್ಳೆ ಇಂಜಿನ್ನಿನಲ್ಲಿ ಕಡಿಮೆ. ಹೋಂಡಾ 1989ರಲ್ಲಿ ತಂದ ಬಿ16ಎ 1595 ಸಿಸಿಯಲ್ಲೇ 160 ಪಿಎಸ್ (ಹಾರ್ಸ್‌ಪವರ್ ತರಹದ ಅಳತೆ) ಕೊಡುತ್ತಿತ್ತು. ಒಂದು ಲೀಟರಿಗೆ 100. ಫ್ಯಾಕ್ಟರಿಯವರೇ ಅಷ್ಟು ಹಿಂಡಿರುವಾಗ ಒಂದು ಫಿಲ್ಟರ್ ಎಷ್ಟು ಕೊಡಬೇಕು ಹೇಳಿ? ಬಾನೆಟ್ ಒಳಗೆ ತೆರೆದ ಫಿಲ್ಟರ್ ಇಟ್ಟರೆ ಬಿಸಿ ಗಾಳಿ ಕುಡಿದು ಇದ್ದದ್ದೂ ಹೋಗಬಹುದು. ಎಣ್ಣೆ ಹಚ್ಚುವ ಫಿಲ್ಟರಿಗೆ ಜಾಸ್ತಿ ಹಚ್ಚಿದರೆ ಏರ್‌ಫ್ಲೋ ಸೆನ್ಸರಿನ ತಂತಿಗೆ ಅಂಟುತ್ತದೆ.

ಟರ್ಬೊ ಕಾರಲ್ಲಿ ಬೂಸ್ಟ್ ಸ್ವಲ್ಪ ಏರಿಸಿದರೆ ಆಯ್ತಲ್ವಾ?

ಬೂಸ್ಟ್ ಅಂದರೆ ಟರ್ಬೊ ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡ. ಪವರ್ ಸುಲಭವಾಗಿ ಬರುವ ಜಾಗ ಇದು. ಇಂಜಿನ್ ಹೋಗುವ ಜಾಗವೂ ಇದೇ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಹೋಗಬೇಕು. ಮಾಮೂಲಿ ಓಟದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಪೂರ್ತಿ ಬೂಸ್ಟಿನಲ್ಲಿ ಸುಮಾರು 11.5ರಿಂದ 12ರಷ್ಟು ಇಟ್ಟರೆ ಒಳಗೆ ತಂಪು. ಪಂಪ್ ಸೋತರೆ ಅಥವಾ ಇಂಜೆಕ್ಟರ್ ತನ್ನ ಸಮಯದ 85 ಶೇಕಡಾ ದಾಟಿ ತೆರೆದೇ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ನಾಕ್, ಅಂದರೆ ಮಿಶ್ರಣ ತಾನಾಗೇ ಸಿಡಿಯುವುದು ಶುರುವಾಗುತ್ತದೆ. ಒಳಗೆ ಕಲ್ಲು ಎಸೆದಂತೆ ಸಣ್ಣ ಸದ್ದು, ಎಷ್ಟೋ ಸಲ ಕಿವಿಗೆ ಬೀಳುವುದೇ ಇಲ್ಲ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿದ ಮೇಲೇ ಗೊತ್ತಾಗುತ್ತದೆ.

ನಿಸ್ಸಾನ್ ಸ್ಕೈಲೈನ್ ಆರ್32 ಜಿಟಿ-ಆರ್ ನೋಡಿ. 1989ರ ಕಾರು, 2568 ಸಿಸಿ, ಎರಡು ಟರ್ಬೊ. ಆ ಟರ್ಬೊಗಳ ಎಕ್ಸಾಸ್ಟ್ ಕಡೆಯ ಚಕ್ರ ಸೆರಾಮಿಕ್. ಹಗುರ ಇರುವುದರಿಂದ ಬೇಗ ಸುತ್ತುತ್ತದೆ, ಆದರೆ ಬೂಸ್ಟ್ ಸುಮಾರು 1 ಬಾರ್ ದಾಟಿಸಿದರೆ ಶಾಫ್ಟಿನಿಂದ ಕಳಚಿ ಚೂರಾಗುವ ಭಯ. ಜೊತೆಗೆ ಮೊದಮೊದಲ ಇಂಜಿನ್ನುಗಳಲ್ಲಿ ಕ್ರ್ಯಾಂಕ್ ಆಯಿಲ್ ಪಂಪನ್ನು ತಿರುಗಿಸುವ ಹಿಡಿತದ ಭಾಗ ಗಿಡ್ಡ, ಪಂಪೇ ಒಡೆಯುತ್ತದೆ. ಇವೆರಡನ್ನು ಸರಿಮಾಡದೆ ಬೂಸ್ಟ್ ನಾಬ್ ಮುಟ್ಟಬಾರದು.

ಹಾಗಾಗಿ ಕ್ರಮ ಹೀಗೆ ಇರಲಿ: ಮೊದಲು ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಮೀಟರ್, ಆಮೇಲೆ ಪಂಪು, ಇಂಜೆಕ್ಟರು, ಆಮೇಲೆ ಟ್ಯೂನ್, ಕೊನೆಗೆ ಬೂಸ್ಟ್. ಮೀಟರ್ ಇಲ್ಲದೆ ಬೂಸ್ಟ್ ಏರಿಸುವುದು ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ.

ಟರ್ಬೊ ಇಲ್ಲದ ಇಂಜಿನ್ನಿಗೆ ಟರ್ಬೊ ಕೂರಿಸಬಹುದಾ?

ಬಹುದು, ಆಸೆ ಸಣ್ಣದಿದ್ದರೆ. ಎಂಎಕ್ಸ್-5ರ 1.6 ಇಂಜಿನ್ನಿನ ಕಂಪ್ರೆಷನ್ ಅನುಪಾತ (ಒಳಗೆ ಬಂದದ್ದನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವ ಲೆಕ್ಕ) 9.4:1. ಟೊಯೋಟಾ ಸುಪ್ರಾದ 2ಜೆಝಡ್-ಜಿಟಿಇ ಇಂಜಿನ್ ಟರ್ಬೊಗೆಂದೇ ಹುಟ್ಟಿದ್ದು, ಅದರಲ್ಲಿ 8.5:1. ಅನುಪಾತ ಜಾಸ್ತಿ ಇದ್ದಷ್ಟೂ ಬೂಸ್ಟಿಗೆ ಜಾಗ ಕಡಿಮೆ. ಟರ್ಬೊಗಿಂತ ಅದರ ಆಯಿಲ್ ಬರುವ, ಹೋಗುವ ಪೈಪಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಿ. ವಾಪಸ್ ಹೋಗುವ ಪೈಪು ದಪ್ಪ ಇರಬೇಕು, ಎಲ್ಲೂ ಮೇಲಕ್ಕೆ ಏರದೆ ಇಳಿಜಾರಾಗಿ ಇಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯಬೇಕು. ಆಯಿಲ್ ನಿಂತರೆ ಸೀಲ್ ದಾಟಿ ನೀಲಿ ಹೊಗೆ ಬರುತ್ತದೆ, ಜನ ಟರ್ಬೊ ಹೋಯಿತು ಅಂದುಕೊಳ್ಳುತ್ತಾರೆ.

ಆರ್‌ಎಕ್ಸ್-7 ಅಂದರೆ ಪ್ರಾಣ. ಆದರೆ ಎಲ್ಲರೂ ಬೇಡ ಅಂತಾರೆ. ತಗೊಳ್ಳಲಾ?

ಅದನ್ನು ಅದರದೇ ಲೆಕ್ಕದಲ್ಲಿ ನೋಡಿಕೊಳ್ಳುವುದಿದ್ದರೆ ತಗೊಳ್ಳಿ. ಮಜ್ದಾದ ಎಫ್‌ಡಿ, ಅಂದರೆ ಮೂರನೇ ತಲೆಮಾರಿನ ಆರ್‌ಎಕ್ಸ್-7ರ 13ಬಿ ರೋಟರಿ ಇಂಜಿನ್ನಿನಲ್ಲಿ ತಲಾ 654 ಸಿಸಿಯ ಎರಡು ರೋಟರ್, ಪಿಸ್ಟನ್ ಇಲ್ಲ. ರೋಟರಿನ ಮೂರು ತುದಿಯಲ್ಲೂ ಏಪೆಕ್ಸ್ ಸೀಲ್. ಪಿಸ್ಟನ್ ಇಂಜಿನ್ ಒಂದೆರಡು ನಾಕ್ ತಾಳಿಕೊಳ್ಳಬಹುದು, ಈ ಸೀಲ್ ಒಂದೇ ಜೋರು ಏಟಿಗೆ ಒಡೆಯಬಹುದು. ಆಯಿಲ್ ಸ್ವಲ್ಪ ಸುಡುವುದು ಇದರ ವಿನ್ಯಾಸದಲ್ಲೇ ಇದೆ, ಮಟ್ಟ ನೋಡುತ್ತಲೇ ಇರಿ. ಕಂಪ್ರೆಷನ್ ನೋಡಲು ರೋಟರಿಯದೇ ಟೆಸ್ಟರ್ ಬೇಕು. ಮಾಮೂಲಿ ಗೇಜು ಮೂರು ಮುಖದಲ್ಲಿ ಹೆಚ್ಚಿರುವುದನ್ನು ಮಾತ್ರ ತೋರಿಸಿ, ಸತ್ತ ಮುಖವನ್ನು ಮುಚ್ಚಿಡುತ್ತದೆ.

ಹಳೆ ಇಸಿಯು ತೆಗೆದು ಸ್ಟ್ಯಾಂಡಲೋನ್ ಹಾಕಿದರೆ ಹೇಗೆ?

ಸ್ಟ್ಯಾಂಡಲೋನ್ ಅಂದರೆ ನಾವೇ ಪೂರ್ತಿ ಟ್ಯೂನ್ ಮಾಡಬಹುದಾದ ಬೇರೆ ಇಸಿಯು. ಇಂಜೆಕ್ಟರ್, ಟರ್ಬೊ ಬದಲಿಸಿದ ಮೇಲೆ ಅದು ಬೇಕೇ ಬೇಕಾಗಬಹುದು. ಪೂರ್ತಿ ತುಳಿದಾಗಿನ ಟ್ಯೂನ್ ಪವರ್ ಅಳೆಯುವ ಡೈನೊ ಮಷಿನ್ ಮೇಲೆ ಒಂದು ದಿನದಲ್ಲಿ ಆಗುತ್ತದೆ. ತಣ್ಣಗಿನ ಸ್ಟಾರ್ಟ್, ಎಸಿ ಹಾಕಿದಾಗಿನ ಐಡಲ್, ಸಣ್ಣಗೆ ಒತ್ತಿದಾಗಿನ ಓಟ, ಇವಕ್ಕೆ ವಾರಗಟ್ಟಲೆ ಬೇಕು. ಒಂದು ಬೆಳಗ್ಗೆ ಒಂದೇ ಕೋಲ್ಡ್ ಸ್ಟಾರ್ಟ್ ಸಿಗುವುದು ಅಲ್ವಾ. ಹಳೆ ಇಸಿಯು ಮತ್ತು ಕನೆಕ್ಟರ್ ಜೋಪಾನವಾಗಿಡಿ.

ಬೇರೆ ಇಂಜಿನ್ ಸ್ವಾಪ್ ಮಾಡುವುದು ಕಷ್ಟಾನಾ?

ಇಂಜಿನ್ ಕೂರಿಸುವುದು ಕಷ್ಟವಲ್ಲ. ಸುತ್ತಲಿನ ವೈರಿಂಗ್, ಕೂಲಿಂಗ್, ಮೀಟರ್, ಡ್ರೈವ್‌ಶಾಫ್ಟ್, ಎಕ್ಸಾಸ್ಟ್ ಒಂದಕ್ಕೊಂದು ಒಪ್ಪಿಸುವುದು ಕಷ್ಟ. ಇಂಜಿನ್, ಗೇರ್‌ಬಾಕ್ಸ್, ವೈರಿಂಗ್, ಇಸಿಯು ಎಲ್ಲ ಒಂದೇ ಕಾರಿನದು ತಗೊಂಡರೆ ಅರ್ಧ ತಲೆನೋವು ಕಡಿಮೆ. ನೋಂದಣಿ, ಹೊಗೆ ತಪಾಸಣೆಯ ನಿಯಮ ಒಂದೊಂದು ಕಡೆ ಒಂದೊಂದು ತರಹ. ಇಂಜಿನ್ ತರುವ ಮೊದಲೇ ಕೇಳಿ.

ಬಿಚ್ಚಿದ ಒರಿಜಿನಲ್ ಪಾರ್ಟ್ಸ್ ಎಸೆಯಬಹುದಾ?

ಎಸೆಯಬೇಡಿ. ಬಾಡಿಗೆ ತೂತು ಕೊರೆಯದೆ, ತಗಡು ಕತ್ತರಿಸದೆ ಆಗುವ ಮಾಡಿಫೈ ಮಾತ್ರ ಮಾಡಿ. ನಾಳೆ ಬೇಡ ಅನ್ನಿಸಿದರೆ ವಾಪಸ್ ಹಾಕಬಹುದು. ಮೊದಲ ಬಿಎಂಡಬ್ಲ್ಯು ಎಂ3ಯಂಥ ಕಾರಿನಲ್ಲಂತೂ ಒಂದೊಂದು ಒರಿಜಿನಲ್ ಬ್ರ್ಯಾಕೆಟ್ ಹುಡುಕಲೂ ತಿಂಗಳು ಬೇಕಾಗುತ್ತದೆ. ಚೀಲಕ್ಕೆ ಹಾಕಿ, ಎಲ್ಲಿಂದ ಬಿಚ್ಚಿದ್ದು ಅಂತ ಬರೆದು, ಎಣ್ಣೆ ಸವರಿ ಇಡಿ.

ಎಲ್ಲಾ ನಾನೇ ಮಾಡಬೇಕು ಅಂತ ಆಸೆ. ಯಾವುದನ್ನು ಹೊರಗೆ ಕೊಡಲಿ?

ಮಷಿನ್ ಶಾಪಿನ ಕೆಲಸ ಕೊಡಲೇಬೇಕು: ಸಿಲಿಂಡರ್ ಬೋರ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಮಟ್ಟ ಮಾಡುವುದು. ಚಕ್ರದ ಅಲೈನ್‌ಮೆಂಟ್, ಡೈನೊ ಟ್ಯೂನ್ ಕೂಡ. ಬಾಡಿಯ ಭಾರ ಹೊರುವ ಜಾಗದ ವೆಲ್ಡಿಂಗನ್ನು ಕೈ ಪಳಗುವವರೆಗೆ ಗೊತ್ತಿರುವವರಿಗೇ ಬಿಡಿ.

ಕೊಡುವ ಮೊದಲು ನೀವೇ ಅಳೆಯಿರಿ. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಿ. 0.05 ಮಿಲಿಮೀಟರ್ ಎಲೆ ಎಲ್ಲೆಲ್ಲಿ ಒಳಗೆ ಹೋಯಿತು ಅಂತ ಹೆಡ್ಡಿನ ಚಿತ್ರ ಬರೆದು ಗುರುತು ಹಾಕಿ. ವಾಪಸ್ ಬಂದ ದಿನ ಅದೇ ಪಟ್ಟಿ, ಅದೇ ಜಾಗಗಳಲ್ಲಿ ಮತ್ತೆ ಇಡಿ. ಒಮ್ಮೆ ನನ್ನ ಹೆಡ್ ಮಟ್ಟ ಮಾಡಿದ್ದೇವೆ ಅಂತ ಹೊಳೆಯುತ್ತಾ ವಾಪಸ್ ಬಂತು, ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಎಲೆ ಇನ್ನೂ ಜಾರಿಹೋಗುತ್ತಿತ್ತು. ಚಿತ್ರ ಕೈಯಲ್ಲಿತ್ತು, ತಗೊಂಡು ಹೋಗಿ ತೋರಿಸಿದೆ. ಅವರೂ ಅಳೆದು ನೋಡಿ, ಅವತ್ತೇ ಮತ್ತೆ ಮಾಡಿಕೊಟ್ಟರು.